ಪರಂಗಿಮಲೆಯ ಸರಪಳಿ, ಕೊಳ್ಳೇಗಾಲದ ಕೆರೆಗಳು

1802ರ ಏಪ್ರಿಲ್ ಬಿಸಿಲಲ್ಲಿ ಮದ್ರಾಸಿನ ಪರಂಗಿಮಲೆಯ ಬಳಿ ಬ್ರಿಟಿಷ್ ಸೈನ್ಯಾಧಿಕಾರಿ ವಿಲಿಯಂ ಲ್ಯಾಂಬ್ಟನ್‌ನ ತಂಡ ನೂರು ಅಡಿಯ ಉಕ್ಕಿನ ಸರಪಳಿ ಹಾಸಿ ನೆಲ ಅಳೆಯತೊಡಗಿತು. ಸುಮಾರು ಏಳೂವರೆ ಮೈಲಿಯ ಆ ಒಂದೇ ಗೆರೆಗೆ ಮೇ ತಿಂಗಳು ಮುಗಿಯುತ್ತ ಬಂತು. ಅದರ ಮೇಲೆ ತ್ರಿಕೋನಕ್ಕೆ ತ್ರಿಕೋನ ಜೋಡಿಸುತ್ತ ಅಳತೆ ಮೈಸೂರು ಸೀಮೆಯನ್ನು ದಾಟಿ ಮಂಗಳೂರಿನ ಕಡಲಂಚು ಮುಟ್ಟಿತು. ಮುಂದೆ ಸರ್ವೆ ಆಫ್ ಇಂಡಿಯಾ ಮಾಡಿದ, ಮೈಲಿಗೆ ಒಂದು ಇಂಚಿನ ನಕ್ಷೆಗಳು ನಿಂತಿದ್ದು ಇಂಥ ಅಳತೆಗಳ ಮೇಲೆ.

ಆ ನಕ್ಷೆಗಳಲ್ಲಿ ಕನ್ನಡಿಗರು ಬಿಡಿಸಿ ನೋಡಲೇಬೇಕಾದ ಹಾಳೆ 57 ಎಚ್/4. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಯಳಂದೂರು, ಕೊಳ್ಳೇಗಾಲ ಎರಡೂ ಅದರಲ್ಲಿವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ ಕಂಪನಿ ಸರ್ಕಾರದ ಪಾಲಾಯಿತು. ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಕೂಗಳತೆಯ ಹಳ್ಳಿಗಳ ನಡುವೆ ಎರಡು ಸರ್ಕಾರಗಳ ಗಡಿ! ಕನ್ನಡ ಮಾತಾಡುವ ಕೊಳ್ಳೇಗಾಲದವರಿಗೆ ರಾಜಧಾನಿ ಮದ್ರಾಸು, ಜಿಲ್ಲಾ ಕೇಂದ್ರ ದಿಂಬಂ ಘಟ್ಟದಾಚೆಯ ಕೊಯಮತ್ತೂರು. ಮದ್ರಾಸ್ ಪ್ರಾಂತ್ಯದ ರೇಷ್ಮೆ ಬೆಳೆಗೆ ಹೆಸರಾದ ತಾಲ್ಲೂಕು ಇದು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು.

ಗಡಿಗಿಂತ ಹೆಚ್ಚಿನ ಕಥೆ ನೀರಿನದು. ಸುವರ್ಣಾವತಿ ಯಳಂದೂರನ್ನು ಹಾದು ಕೊಳ್ಳೇಗಾಲದ ಸೀಮೆಯಲ್ಲಿ ಕಾವೇರಿಗೆ ಸೇರುತ್ತದೆ. ಅದರ ಆಸುಪಾಸಿನಲ್ಲಿ ಕೆರೆಗಳು, ನಾಲೆಗಳು, ಗದ್ದೆ ಬಯಲು. ಇಂಥ ಹಾಳೆಗಳಲ್ಲಿ ಬೆಟ್ಟದ ಸಮೋನ್ನತಿ ರೇಖೆಗಳು ಕಂದು, ಕಾಡು ಹಸಿರು, ಸಾಗುವಳಿ ಹಳದಿ. ಕೆರೆಯ ಏರಿಯನ್ನು ಗಮನಿಸಬೇಕು: ಪಕ್ಕದಲ್ಲೊಂದು ಪುಟ್ಟ ಅಂಕಿ, ಅದಕ್ಕಂಟಿದ ‘ಆರ್’ ಅಕ್ಷರ. ಅದು ಸಮುದ್ರಮಟ್ಟದ ಲೆಕ್ಕವಲ್ಲ, ಸುತ್ತಲಿನ ನೆಲದಿಂದ ಏರಿ ಎಷ್ಟು ಎತ್ತರವಿದೆ ಎಂಬುದು. ಬುಟ್ಟಿಯಲ್ಲಿ ಮಣ್ಣು ಹೊತ್ತು ಏರಿ ಕಟ್ಟಿದವರ ಹೆಸರು ಯಾವ ನಕ್ಷೆಯಲ್ಲೂ ಇಲ್ಲ; ಅವರ ದುಡಿಮೆಯ ಎತ್ತರವಾದರೂ ಹೀಗೆ ದಾಖಲಾಗಿದೆ.

ಕೊಳ್ಳೇಗಾಲ ಊರಿನ ದೊಡ್ಡರಂಗನಾಥ, ಚಿಕ್ಕರಂಗನಾಥ ಕೆರೆಗಳ ಹಿಂದಿನ ಹರವು ಅರಿಯಲು ಇಂಥ ಹಾಳೆ ಒಳ್ಳೆಯ ಸಾಕ್ಷಿ. ಮೆಟ್ರಿಕ್ ಪದ್ಧತಿ ಬಂದ ಮೇಲಿನ 1:50,000 ಅಳತೆಯ ಹಾಳೆಯನ್ನು ಅದರ ಪಕ್ಕದಲ್ಲಿಟ್ಟರೆ ಊರು ಯಾವ ದಿಕ್ಕಿಗೆ ಬೆಳೆದಿದೆ, ಯಾವ ಹಳ್ಳ ಸೊರಗಿದೆ ಎಂಬುದನ್ನು ಹೋಲಿಸಬಹುದು. ಆದರೆ ಒತ್ತುವರಿಯ ಗುಂಟೆ ಲೆಕ್ಕ ಇದರಲ್ಲಿ ಸಿಗದು. ಅದಕ್ಕೆ ಸರ್ವೆ ನಂಬರುಗಳಿರುವ ಗ್ರಾಮ ನಕ್ಷೆಯೇ ಬೇಕು. ಕೆರೆಯ ಚರಿತ್ರೆ ಬರೆಯುವವರು ಎರಡನ್ನೂ ಒಟ್ಟಿಗೆ ಓದಬೇಕು.