ಮರುಭೂಮಿಯ ಬಹಿಗಳು

ಮರುಭೂಮಿ ಎಂದೊಡನೆ ಗಾಳಿಗೆ ಅಳಿಸಿಹೋಗುವ ಹೆಜ್ಜೆಗುರುತು ನಮ್ಮ ನೆನಪಿಗೆ ಬರುತ್ತದೆ. ಅಂಥ ನೆಲದಲ್ಲಿ ಚರಿತ್ರೆ ಉಳಿದೀತೆಂದು ಯಾರು ತಾನೆ ನಂಬಿಯಾರು? ಆದರೆ ರಾಜಸ್ಥಾನದ ಥಾರ್ ಸೀಮೆ ನೀರಿಗೆ ಎಷ್ಟು ಬಡವೋ ಕಾಗದಪತ್ರಗಳಿಗೆ ಅಷ್ಟೇ ಸಿರಿವಂತ. ನಮ್ಮ ಮಲೆನಾಡಿನಲ್ಲಿ ಮಳೆಗಾಲದ ತೇವಕ್ಕೆ ಓಲೆಗರಿ ಬೂಸಲು ಹಿಡಿಯುತ್ತದೆ. ಅಲ್ಲಿಯ ಒಣಹವೆ ಬರಹದ ಪರವಾಗಿದೆ. ಆದರೂ ಹವೆಯೊಂದರಿಂದಲೇ ಏನೂ ಉಳಿಯದು. ಬರೆಯುವವರು ಬೇಕು, ಬರೆದದ್ದನ್ನು ಕಟ್ಟಿಡುವವರೂ ಬೇಕು.

ಬಿಕಾನೇರಿನ ಮಹಾರಾಜ ಅನೂಪಸಿಂಹ ಕಟ್ಟಿಟ್ಟವರಲ್ಲಿ ಒಬ್ಬ. ಔರಂಗಜೇಬನ ಸೇನಾನಿಯಾಗಿ ದಕ್ಷಿಣದಲ್ಲಿ ಬಹುಕಾಲ ಕಳೆದ ಈತ 1698ರಲ್ಲಿ ತೀರಿಕೊಂಡದ್ದು ನಮ್ಮ ಬಳ್ಳಾರಿಯ ನೆರೆಯ ಆದವಾನಿಯಲ್ಲಿ. ದಂಡಯಾತ್ರೆಗಳ ನಡುವೆ ಅವನು ಸಂಗ್ರಹಿಸಿದ ದಕ್ಷಿಣದ ಹಸ್ತಪ್ರತಿಗಳು ಮರಳುನಾಡನ್ನು ಸೇರಿದವು. ಬಿಕಾನೇರಿನ ಅನೂಪ್ ಸಂಸ್ಕೃತ ಗ್ರಂಥಾಲಯ ಅವನ ಹೆಸರನ್ನು ಹೊತ್ತಿದೆ. ಹೀಗೆ ಹೊರಗಿನ ವಿದ್ಯೆ ಆ ಊರಿಗೆ ಬಂದಿತು. ಆ ನಾಡಿನ ಸ್ವಂತ ಕಥೆಯನ್ನು ಅರಸಿ ಹೊರನಾಡಿನವನೊಬ್ಬ ಬಂದದ್ದು 1914ರಲ್ಲಿ. ಇಟಲಿಯ ಲುಯಿಜಿ ಪಿಯೋ ತೆಸ್ಸಿತೋರಿ ಚಾರಣರ ಗೀತಗಳನ್ನೂ 'ಖ್ಯಾತ'ಗಳೆಂಬ ವಂಶಕಥನಗಳನ್ನೂ ಜೋಧಪುರ, ಬಿಕಾನೇರುಗಳಲ್ಲಿ ಹುಡುಕಿ ಪಟ್ಟಿಮಾಡಿದ. 1919ರಲ್ಲಿ, ಮೂವತ್ತೆರಡು ತುಂಬುವ ಮೊದಲೇ, ಬಿಕಾನೇರಿನಲ್ಲಿ ತೀರಿಕೊಂಡ.

ಆದರೆ ಗೀತ, ಖ್ಯಾತಗಳ ನಾಯಕರು ವೀರರು. ಸಾಮಾನ್ಯನನ್ನು ಕಾಣಲು ನಾವು ಬಹಿಗಳನ್ನು ಬಿಚ್ಚಬೇಕು. ಬಹಿ ಎಂದರೆ ಉದ್ದನೆಯ ಹಾಳೆಗಳನ್ನು ಹೊಲಿದು ಮಾಡಿದ ಲೆಕ್ಕದ ಪುಸ್ತಕ. ವರ್ತಕರ ಮಹಾಜನಿ ಲಿಪಿಯಲ್ಲಿ ಸ್ವರಚಿಹ್ನೆಗಳೇ ಇರುತ್ತಿರಲಿಲ್ಲ. 'ಕಾಕಾಜಿ ಅಜಮೇರ ಗಯೇ', ಚಿಕ್ಕಪ್ಪ ಅಜಮೇರಿಗೆ ಹೋದರು, ಎಂದು ಬರೆದ ಪತ್ರವನ್ನು 'ಆಜ ಮರ ಗಯೇ', ಇಂದು ಸತ್ತರು, ಎಂದು ಓದಿ ಮನೆಯವರು ಗೋಳಾಡಿದರೆಂಬ ನಗೆಮಾತು ಅಲ್ಲಿ ಪ್ರಸಿದ್ಧ. ಅರಸೊತ್ತಿಗೆಗಳ ಬಹಿಗಳು ಈಗ ಬಿಕಾನೇರಿನ ರಾಜ್ಯ ಅಭಿಲೇಖಾಗಾರದಲ್ಲಿವೆ. ಹದಿನೆಂಟನೆಯ ಶತಮಾನದ ಜೋಧಪುರದ ಸನದು ಪರವಾನೆ ಬಹಿಗಳಲ್ಲಿ ಕುಂಬಾರ, ಬಡಗಿ, ಚಮ್ಮಾರರು ಬಿಟ್ಟಿ ದುಡಿಮೆಯ ವಿರುದ್ಧ, ಅನ್ಯಾಯದ ತೆರಿಗೆಯ ವಿರುದ್ಧ ಅರಸನಿಗೆ ಮೊರೆಯಿಟ್ಟ ದಾಖಲೆಗಳಿವೆ. ಯಾವ ಕವಿಯೂ ಹಾಡದ ಹೆಸರುಗಳು ಅಲ್ಲಿವೆ.

ಸಾಹಿತ್ಯದ ವಿದ್ಯಾರ್ಥಿಯಾದ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸೆಳೆಯುವವನು ಮುಹಣೋತ ನೈಣಸಿ. ಮಹಾರಾಜ ಜಸವಂತಸಿಂಹನ ದಿವಾನನಾಗಿದ್ದ ಈತ ರಜಪೂತ ಕುಲಗಳ ಖ್ಯಾತವನ್ನೂ ಬರೆದ. ಅದರ ಜೊತೆಗೆ 'ಮಾರವಾಡ ರಾ ಪರಗಣಾಂ ರೀ ವಿಗತ' ಎಂಬ ವಿವರಪಟ್ಟಿಯನ್ನೂ ಸಿದ್ಧಪಡಿಸಿದ. ಅದರಲ್ಲಿ ಹಳ್ಳಿಹಳ್ಳಿಯ ಹುಟ್ಟುವಳಿ, ಬೆಳೆ, ನೀರಿನ ಆಸರೆ, ಪಟ್ಟಣಗಳ ಮನೆಗಳ ಎಣಿಕೆ ಎಲ್ಲ ಇದೆ. ಕಪಿಲೆಯ ಬಾವಿ ಎಷ್ಟು, ಏತದ ಬಾವಿ ಎಷ್ಟು ಎಂದು ಬೇರೆ ಬೇರೆ ಎಣಿಸಿದ್ದಾನೆ. ಎಣಿಕೆಯ ಉದ್ದೇಶ ಕಂದಾಯ, ನಿಜ. ಆದರೆ ಮರುಭೂಮಿಯಲ್ಲಿ ಬಾವಿಯ ಲೆಕ್ಕವೆಂದರೆ ಬದುಕಿನ ಲೆಕ್ಕ. ಖ್ಯಾತವೊಂದನ್ನೇ ಓದಿದವರಿಗೆ ಮಾರವಾಡದಲ್ಲಿ ಯುದ್ಧ ಮಾತ್ರ ಕಾಣುತ್ತದೆ; ವಿಗತವನ್ನೂ ಓದಿದವರಿಗೆ ಊರು ಕಾಣುತ್ತದೆ.

ನಾಡಿನ ಲೆಕ್ಕ ಬರೆಸಿದ ನೈಣಸಿಯೇ ಕಡೆಗೆ ಅರಸನ ಅವಕೃಪೆಗೆ ಗುರಿಯಾದ. ವಿಧಿಸಿದ ದಂಡವನ್ನು ತೆರಲೊಪ್ಪದೆ, ಸೆರೆಯಲ್ಲಿದ್ದಾಗಲೇ, 1670ರಲ್ಲಿ ತಮ್ಮನೊಡನೆ ಪ್ರಾಣ ಕಳೆದುಕೊಂಡ. ಅರಸನ ಲೆಕ್ಕದಲ್ಲಿ ಆತ ಬಾಕಿದಾರ. ಬಾವಿಗಳನ್ನು ಎಣಿಸಿಟ್ಟ ಆತನಿಗೆ ಚರಿತ್ರೆಯ ಲೆಕ್ಕದಲ್ಲಿ ನಾವೇ ಸಾಲಗಾರರು.