ಹಾಲೆಂಡಿನಲ್ಲಿ ಬೈಸಿಕಲ್ಲಿಗೂ ಮೋಟಾರಿಗೂ ನಡೆದ ವ್ಯಾಜ್ಯ

ಕೆಳದಿಯ ಅರಸರ ಕಾಲದಲ್ಲಿ ಅಕ್ಕಿ ಮೆಣಸುಗಳಿಗಾಗಿ ಬಸರೂರಿಗೆ ಬರುತ್ತಿದ್ದ ಡಚ್ಚರ ನಾಡು ಹಾಲೆಂಡು. ಆ ದೇಶದ ಹೆಸರೆತ್ತಿದೊಡನೆ ಈಗ ಜನರ ನೆನಪಿಗೆ ಬರುವುವು ಗಾಳಿಯಂತ್ರ, ಕಾಲುವೆ ಮತ್ತು ಬೈಸಿಕಲ್ಲು. ಮಂತ್ರಿಗಳಿಂದ ಹಿಡಿದು ಶಾಲೆಯ ಮಕ್ಕಳವರೆಗೆ ಎಲ್ಲರೂ ಬೈಸಿಕಲ್ಲನ್ನೇರಿ ನಿರ್ಭಯವಾಗಿ ಸಂಚರಿಸುವುದನ್ನು ಕಂಡವರು, ಅದು ಆ ಸಮತಟ್ಟಾದ ನೆಲದ ಮಹಿಮೆಯೆಂದೂ ಆ ಜನರ ಹುಟ್ಟುಗುಣವೆಂದೂ ಹೇಳುವುದುಂಟು. ಈ ಮಾತು ಅರ್ಧ ಸತ್ಯ. ೧೯೭೧ರಲ್ಲಿಯೂ ಆ ನೆಲ ಅಷ್ಟೇ ಸಮತಟ್ಟಾಗಿತ್ತು. ಆದರೂ ಆ ಒಂದು ವರ್ಷದಲ್ಲಿ ಅಲ್ಲಿನ ರಸ್ತೆಗಳ ಅಪಘಾತಗಳಲ್ಲಿ ಸುಮಾರು ೩,೩೦೦ ಮಂದಿ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಮಕ್ಕಳು. ಇಂದು ಕಾಣುವ ನಿರ್ಭಯವು ಪ್ರಕೃತಿಯಿಂದ ಬಂದ ವರವಲ್ಲ. ಕಳೆದುಕೊಂಡು, ಬೀದಿಗಿಳಿದು ವಾದಿಸಿ, ಮರಳಿ ಪಡೆದುಕೊಂಡ ಸೊತ್ತು.

ಹಾಲೆಂಡಿನಲ್ಲಿ ರಸ್ತೆಯ ಸುಧಾರಣೆಗೆ ಮೊದಲು ದನಿಯೆತ್ತಿದವರು ಬೈಸಿಕಲ್ಲಿನವರೇ. ೧೮೮೩ರಲ್ಲಿ ಅವರು ತಮ್ಮದೊಂದು ಸಂಘವನ್ನು ಸ್ಥಾಪಿಸಿಕೊಂಡರು; ಬಳಿಕ ಅದಕ್ಕೆ ಎ. ಎನ್. ಡಬ್ಲ್ಯೂ. ಬಿ. ಎಂಬ ಹೆಸರು ನಿಂತಿತು. ಊರು ದಾರಿಗಳನ್ನು ತೋರಿಸುವ ಕೈಮರಗಳನ್ನು ನೆಡಿಸಿದುದು ಈ ಸಂಘ. ಮೋಟಾರು ಗಾಡಿಗಳು ಬಂದ ಮೇಲೆ ಅವುಗಳ ಒಡೆಯರೂ ಇದೇ ಸಂಘವನ್ನು ಸೇರಿದರು. ಕ್ರಮೇಣ ಸಂಘದ ಮುಖವು ಆ ಕಡೆಗೇ ತಿರುಗಿತು.

ಸರ್ಕಾರದ ನಡೆಯೂ ಹಾಗೆಯೇ ಇತ್ತು. ೧೯೨೪ರಲ್ಲಿ ಬೈಸಿಕಲ್ಲಿನ ಮೇಲೆ ವರ್ಷಕ್ಕೆ ಮೂರು ಗಿಲ್ಡರುಗಳ ತೆರಿಗೆಯನ್ನು ವಿಧಿಸಲಾಯಿತು. ತೆರಿಗೆ ಕೊಟ್ಟವರಿಗೆ ಲೋಹದ ಒಂದು ಬಿಲ್ಲೆ ದೊರೆಯುತ್ತಿತ್ತು. ಅದನ್ನು ಗಾಡಿಗೆ ಕಾಣುವಂತೆ ಸಿಕ್ಕಿಸಬೇಕು. ನಿರ್ಗತಿಕರಿಗೆ ಬಿಲ್ಲೆಯನ್ನು ಪುಕ್ಕಟೆಯಾಗಿ ಕೊಡುತ್ತಿದ್ದರು. ಆದರೆ ಅದಕ್ಕೊಂದು ತೂತು ಕೊರೆದಿರುತ್ತಿತ್ತು. ಬಡವನೆಂಬುದನ್ನು ಬೀದಿಯಲ್ಲಿ ಹೋಗುವವರೆಲ್ಲರೂ ತಿಳಿಯಲೆಂಬಂತೆ ಮಾಡಿದ ಈ ಏರ್ಪಾಡು ಎಷ್ಟು ಜನರ ಮನಸ್ಸನ್ನು ನೋಯಿಸಿತೋ! ಹೀಗೆ ಕೂಡಿದ ಹಣವು ಮುಂದೆ ರಸ್ತೆಗಳ ನಿಧಿಗೆ ಸಂದಿತು. ಆ ನಿಧಿಯಿಂದ ಕಟ್ಟಿದ ಹೆದ್ದಾರಿಗಳಾದರೋ ಮುಖ್ಯವಾಗಿ ಮೋಟಾರುಗಳಿಗೆ ಅನುಕೂಲವಾದುವು. ಕೆಲವು ರಸ್ತೆಗಳ ಪಕ್ಕದಲ್ಲಿ ಬೈಸಿಕಲ್ಲಿಗೆಂದು ಪ್ರತ್ಯೇಕ ದಾರಿಗಳನ್ನು ಮಾಡಿದುದುಂಟು. ಅದರಲ್ಲಿ ಬೈಸಿಕಲ್ಲಿನವರ ರಕ್ಷಣೆಯೆಷ್ಟೋ, ಅವರನ್ನು ಮೋಟಾರಿನ ಹಾದಿಯಿಂದ ಸರಿಸುವ ಉದ್ದೇಶವೂ ಅಷ್ಟೇ ಇತ್ತು. ಈ ತೆರಿಗೆಯನ್ನು ೧೯೪೧ರಲ್ಲಿ ರದ್ದುಪಡಿಸಿದವರು ದೇಶವನ್ನು ಆಕ್ರಮಿಸಿದ್ದ ಜರ್ಮನರು. ಅವರೇ ಮರುವರ್ಷದಿಂದ ಜನರ ಬೈಸಿಕಲ್ಲುಗಳನ್ನು ಕಸಿದುಕೊಳ್ಳಲಾರಂಭಿಸಿದರು. ಡಚ್ಚರು ಆ ಅಪಹಾರವನ್ನು ಬಹುಕಾಲ ಮರೆಯಲಿಲ್ಲ. ಎರಡು ದೇಶಗಳ ಕಾಲ್ಚೆಂಡಿನ ಪಂದ್ಯಗಳಲ್ಲಿ, ಮೊದಲು ನಮ್ಮ ಸೈಕಲ್ಲನ್ನು ಹಿಂದಕ್ಕೆ ಕೊಡಿರೆಂದು ಜರ್ಮನರನ್ನು ಹಾಸ್ಯಮಾಡುವುದು ದಶಕಗಳವರೆಗೆ ನಡೆದುಬಂದಿತು.

ಯುದ್ಧಾನಂತರ ದೇಶ ಸಂಪನ್ನವಾಯಿತು. ೧೯೬೦ರಲ್ಲಿ ಸುಮಾರು ಐದು ಲಕ್ಷವಿದ್ದ ಮೋಟಾರು ಕಾರುಗಳು ಹತ್ತು ವರ್ಷಗಳಲ್ಲಿ ಇಪ್ಪತ್ತೈದು ಲಕ್ಷದ ಹತ್ತಿರಕ್ಕೆ ಏರಿದುವು. ನೂರಾರು ವರ್ಷಗಳ ಹಿಂದೆ ಕಾಲ್ನಡಿಗೆಗೂ ದೋಣಿಗೂ ತಕ್ಕಂತೆ ಕಟ್ಟಿದ ಊರುಗಳು ಇವುಗಳಿಗೆ ಎಲ್ಲಿಂದ ಎಡೆ ಕೊಟ್ಟಾವು? ಆಮ್‌ಸ್ಟರ್‌ಡಾಮಿನ ಪೋಲೀಸು ಮುಖ್ಯಾಧಿಕಾರಿಯಾಗಿದ್ದ ಕಾಸ್‌ಯಾಗರ್ ಎಂಬಾತನು, ನಗರದ ಕಾಲುವೆಗಳಲ್ಲಿ ಕೆಲವನ್ನು ಮುಚ್ಚಿ ರಸ್ತೆ ಮಾಡಬೇಕೆಂದು ೧೯೫೪ರಲ್ಲಿ ಸಲಹೆಯಿತ್ತನು. ೧೯೬೭ರಲ್ಲಿ ಯೋಕಿನೆನ್ ಎಂಬ ಅಮೆರಿಕದ ತಜ್ಞನು ಹಳೆಯ ಕೇರಿಗಳನ್ನು ಕೆಡವಿ ನಗರದ ನಡುವಿನವರೆಗೆ ಹೆದ್ದಾರಿಗಳನ್ನು ತರುವ ನಕ್ಷೆಯನ್ನು ಮುಂದಿಟ್ಟನು. ಇವೆರಡೂ ಕಾಗದದ ಮೇಲೆಯೇ ಉಳಿದುವು. ಉಟ್ರೆಕ್ಟಿನಲ್ಲಿ ಮಾತ್ರ ಊರನ್ನು ಬಳಸಿದ್ದ ಹಳೆಯ ಅಗಳಿನ ಒಂದು ಭಾಗದ ನೀರನ್ನು ಬತ್ತಿಸಿ ಅಲ್ಲಿ ಹೆದ್ದಾರಿಯನ್ನು ಕಟ್ಟಿಯೇಬಿಟ್ಟರು. ಆ ನೀರು ಮರಳಿ ಬಂದುದು ೨೦೨೦ರಲ್ಲಿ.

ಬೀದಿಯಲ್ಲಿ ಇದರ ಪರಿಣಾಮವು ಸುಲಭವಾಗಿ ಊಹಿಸತಕ್ಕುದೇ. ಬೈಸಿಕಲ್ಲಿನವನು ಅಂಚಿಗೆ ಸರಿದನು. ಅಂಚಿನಲ್ಲಿ ನಿಂತ ಕಾರುಗಳಿಗಾಗಿ ಮತ್ತೆ ನಡುವಿಗೆ ಬಂದನು. ಅಲ್ಲಿ ಹಿಂದಿನಿಂದ ಬರುವ ಗಾಡಿಗೆ ಅಡ್ಡಿಯೆನಿಸಿಕೊಂಡನು. ಎಷ್ಟೋ ಮಂದಿ ಬೈಸಿಕಲ್ಲನ್ನು ಬಿಟ್ಟು ತಾವೂ ಕಾರು ಕೊಂಡರು. ಬೈಸಿಕಲ್ಲು ಇನ್ನು ಕೆಲವೇ ವರ್ಷಗಳ ಅತಿಥಿಯೆಂದು ಪಟ್ಟಣಗಳ ಯೋಜನೆ ಹಾಕುವವರು ಭಾವಿಸಿದ್ದರು. ಆದರೆ ಮಕ್ಕಳು ಕಾರನ್ನು ಕೊಳ್ಳಲಾರರಷ್ಟೆ. ಅವರು ಎಂದಿನಂತೆ ಬೈಸಿಕಲ್ಲಿನ ಮೇಲೆಯೇ ಶಾಲೆಗೆ ಹೋಗುತ್ತಿದ್ದರು.

ವಿಕ್ ಲಾಂಗನ್‌ಹೋಫ್ ಎಂಬುವರು 'ಡೆ ಟೈಡ್' ಪತ್ರಿಕೆಯಲ್ಲಿ ಕೆಲಸಮಾಡುತ್ತಿದ್ದ ಪತ್ರಕರ್ತರು. ಅವರ ಆರು ವರ್ಷದ ಮಗಳು ೧೯೭೧ರಲ್ಲಿ ಬೈಸಿಕಲ್ಲಿನಲ್ಲಿ ಶಾಲೆಗೆ ಹೋಗುವಾಗ ಮೋಟಾರಿಗೆ ಸಿಕ್ಕಿ ಮೃತಳಾದಳು. ಮರುವರ್ಷ ಅವರು ತಮ್ಮ ಪತ್ರಿಕೆಯಲ್ಲಿ ಒಂದು ಲೇಖನವನ್ನು ಬರೆದರು. 'ಮಕ್ಕಳ ಕೊಲೆಯನ್ನು ನಿಲ್ಲಿಸಿರಿ' ಎಂಬುದು ಅದರ ತಲೆಬರಹ. ಅಪಘಾತವೆಂಬ ಪದವನ್ನು ಬಿಟ್ಟು ಕೊಲೆಯೆಂಬ ಪದವನ್ನು ಇಟ್ಟುದರಲ್ಲಿಯೇ ಆ ಲೇಖನದ ಬಲವೆಲ್ಲ ಇದೆ. ಅಪಘಾತವೆಂದರೆ ವಿಧಿ, ಅದಕ್ಕೆ ಅತ್ತು ಸುಮ್ಮನಾಗಬೇಕು. ಕೊಲೆಯೆಂದರೆ ಮಾಡಿದವರಿರಬೇಕು, ತಡೆಯಬಲ್ಲವರೂ ಇರಬೇಕು. ಲೇಖನದ ತಲೆಬರಹವೇ ಒಂದು ಸಂಘದ ಹೆಸರಾಯಿತು. ಅದರ ಮೊದಲ ಅಧ್ಯಕ್ಷೆ, ಮುಂದೆ ಯೂರೋಪಿನ ಪಾರ್ಲಿಮೆಂಟಿನ ಸದಸ್ಯೆಯೂ ಆದ ಮಾರ್ಟ್ಯೆ ಫಾನ್ ಪುಟೆನ್, ಆಗ ಎಳೆಯ ತಾಯಿ. ಸಂಘದವರು ಬೀದಿಗಳಿಗೆ ಅಡ್ಡಗಟ್ಟಿ ಮಕ್ಕಳಿಗೆ ಆಟದ ಎಡೆ ಮಾಡಿಕೊಟ್ಟರು. ಪ್ರಧಾನಮಂತ್ರಿ ಡೆನ್ ಔಲ್ ಅವರ ಮನೆಯ ಮುಂದೆ ಹೋಗಿ ಹಾಡಿದರು. ಪ್ರಧಾನಿ ಹೊರಗೆ ಬಂದು ಅವರ ಅಹವಾಲನ್ನು ಕೇಳಿದರು.

ಇಷ್ಟರಲ್ಲಿ ದೂರದ ಒಂದು ಯುದ್ಧವು ಇವರ ಸಹಾಯಕ್ಕೆ ಬಂದಿತು. ೧೯೭೩ರ ಅಕ್ಟೋಬರಿನಲ್ಲಿ ಅರಬರಿಗೂ ಇಸ್ರೇಲಿಗೂ ಯುದ್ಧವಾಗಿ, ಇಸ್ರೇಲಿನ ಪಕ್ಷ ವಹಿಸಿದ ಹಾಲೆಂಡಿಗೆ ಅರಬರು ಎಣ್ಣೆಯನ್ನು ನಿಲ್ಲಿಸಿದರು. ನವೆಂಬರ್ ೪ರಿಂದ ಕೆಲವು ಭಾನುವಾರಗಳಲ್ಲಿ ಮೋಟಾರು ಓಡಿಸುವುದನ್ನು ಸರ್ಕಾರವು ನಿಷೇಧಿಸಿತು. ಹೆದ್ದಾರಿಗಳ ಮೇಲೆ ಜನರು ನಡೆದರು, ಮಕ್ಕಳು ಬೈಸಿಕಲ್ಲು ಬಿಟ್ಟರು. ರಸ್ತೆಯೆಂಬುದು ಎಷ್ಟು ಅಗಲವಾದ ವಸ್ತುವೆಂಬುದು ಆ ಭಾನುವಾರಗಳಲ್ಲಿ ಜನರಿಗೆ ಗೋಚರಿಸಿತು.

೧೯೭೫ರಲ್ಲಿ ಬೈಸಿಕಲ್ಲಿನವರು ಹೊಸದೊಂದು ಸಂಘವನ್ನು ಕಟ್ಟಿದರು. ಹಳೆಯ ಸಂಘವು ತಮ್ಮನ್ನು ಕೈಬಿಟ್ಟಿತೆಂಬ ಕೋಪದಿಂದ ಅದರ ಹೆಸರನ್ನೇ ತೆಗೆದುಕೊಂಡು, ಮುಂದೆ 'ನಿಜವಾದ' ಎಂದು ಸೇರಿಸಿದರು. ಹಳೆಯ ಸಂಘವು ನ್ಯಾಯಾಲಯಕ್ಕೆ ಹೋಯಿತು. ಹೊಸಬರು ಹೆಸರನ್ನು ಬದಲಾಯಿಸಬೇಕಾಯಿತು. ಆದರೂ 'ನಿಜವಾದ' ಎಂಬ ವಿಶೇಷಣವನ್ನು ಅವರು ಬಿಡಲಿಲ್ಲ! ಅದೇ ಕಾಲದಲ್ಲಿ ಸರ್ಕಾರವು ಹೇಗ್ ಮತ್ತು ಟಿಲ್‌ಬರ್ಗ್ ನಗರಗಳಲ್ಲಿ ಮಾದರಿಗಾಗಿ ಒಂದೊಂದು ಬೈಸಿಕಲ್ ದಾರಿಯನ್ನು ಮಾಡಿಸಿತು. ಗಿರಾಕಿಗಳು ಕಾರಿನಲ್ಲಿ ಬಾರದಿದ್ದರೆ ವ್ಯಾಪಾರ ಕೆಟ್ಟೀತೆಂದು ಹೇಗಿನ ಅಂಗಡಿಕಾರರು ಬಲವಾಗಿ ವಿರೋಧಿಸಿದರು. ಅವರ ಭಯವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಅವರ ಜೀವನವೂ ಅದೇ ಬೀದಿಯನ್ನು ನಂಬಿಕೊಂಡಿತ್ತು. ದಾರಿಗಳಲ್ಲಿ ಬೈಸಿಕಲ್ಲುಗಳೇನೋ ಹೆಚ್ಚಿದುವು. ಆದರೆ ಒಟ್ಟು ನಗರದಲ್ಲಿ ಹೇಳಿಕೊಳ್ಳುವಷ್ಟು ಬದಲಾವಣೆ ಆಗಲಿಲ್ಲ. ಒಂದು ನೂಲಿನಿಂದ ಬಟ್ಟೆಯಾಗದು. ದಾರಿಗಳು ಬಲೆಯಂತೆ ಊರನ್ನೆಲ್ಲ ಹಬ್ಬಬೇಕು ಎಂಬುದು ಇದರಿಂದ ತಿಳಿಯಿತು. ೧೯೮೦ರ ದಶಕದಲ್ಲಿ ಡೆಲ್ಫ್ಟ್ ನಗರದಲ್ಲಿ ಹಾಗೆಯೇ ಮಾಡಿದರು. ಬೈಸಿಕಲ್ಲಿನ ಸಂಚಾರ ಏರಿತು.

ಗ್ರೋನಿಂಗನ್ ಎಂಬ ಉತ್ತರದ ನಗರವು ಬೇರೊಂದು ಉಪಾಯವನ್ನು ಹೂಡಿತು. ಮ್ಯಾಕ್ಸ್ ಫಾನ್ ಡೆನ್ ಬೆರ್ಗ್ ಎಂಬ ತರುಣ ಪೌರನಾಯಕನ ಮುಂದಾಳುತನದಲ್ಲಿ ೧೯೭೭ರ ಸೆಪ್ಟೆಂಬರಿನಲ್ಲಿ ನಗರದ ನಡುಭಾಗವನ್ನು ನಾಲ್ಕಾಗಿ ವಿಭಾಗಿಸಿದರು. ಒಂದು ಭಾಗದಿಂದ ಇನ್ನೊಂದಕ್ಕೆ ಕಾರು ನೇರವಾಗಿ ಹೋಗಕೂಡದು. ಹೊರಗಿನ ಬಳಸುದಾರಿಗೆ ಹೋಗಿ ಸುತ್ತಿ ಬರಬೇಕು. ಬೈಸಿಕಲ್ಲು ಮಾತ್ರ ಎಲ್ಲಿಂದೆಲ್ಲಿಗಾದರೂ ನೇರವಾಗಿ ಹೋಗಬಹುದು. ಕಾರನ್ನು ಯಾರೂ ನಿಷೇಧಿಸಲಿಲ್ಲ. ಬೈಸಿಕಲ್ಲಿನ ದಾರಿ ಹತ್ತಿರವೂ ಕಾರಿನ ದಾರಿ ದೂರವೂ ಆದುವು, ಅಷ್ಟೆ. ಮುಂದಿನದನ್ನು ಜನರ ಲೆಕ್ಕಾಚಾರವೇ ನೋಡಿಕೊಂಡಿತು.

ನ್ಯಾಯದ ತಕ್ಕಡಿಯೂ ಕ್ರಮೇಣ ಈ ಕಡೆಗೆ ವಾಲಿತು. ೧೯೯೦ರ ಬಳಿಕ ಡಚ್ಚರ ಪರಮೋಚ್ಚ ನ್ಯಾಯಾಲಯದ ತೀರ್ಪುಗಳಿಂದ ಒಂದು ನಿಯಮವು ನೆಲೆಗೊಂಡಿತು. ಹದಿನಾಲ್ಕು ವರ್ಷ ತುಂಬದ ಮಗು ಬೈಸಿಕಲ್ಲಿನಲ್ಲಿಯೋ ಕಾಲ್ನಡಿಗೆಯಲ್ಲಿಯೋ ಹೋಗುವಾಗ ಮೋಟಾರು ತಗುಲಿದರೆ, ಮಗುವಿನದೇ ತಪ್ಪಿದ್ದರೂ ಪೂರ್ತಿ ಪರಿಹಾರವನ್ನು ಮೋಟಾರಿನ ಪಕ್ಷದವರೇ ಕೊಡಬೇಕು. ವಯಸ್ಕರಾದರೆ ಸಾಮಾನ್ಯವಾಗಿ ಅರ್ಧಕ್ಕಾದರೂ ಹೊಣೆಯಾಗಬೇಕು. ಇದು ದಂಡನೆಯಲ್ಲ, ನಷ್ಟ ಭರ್ತಿಯ ಮಾತು. ಭಾರವಾದ ಗಾಡಿಯನ್ನು ಬೀದಿಗೆ ತಂದವನು ಅದರ ಅಪಾಯದ ಹೊರೆಯನ್ನೂ ಹೊರತಕ್ಕುದೆಂಬುದು ಇದರ ತಾತ್ಪರ್ಯ.

೨೦೧೦ರ ಹೊತ್ತಿಗೆ ರಸ್ತೆಯಲ್ಲಿ ಸಾಯುವ ಮಕ್ಕಳ ಸಂಖ್ಯೆ ವರ್ಷಕ್ಕೆ ಇಪ್ಪತ್ತಕ್ಕೂ ಕೆಳಗಿಳಿದಿತ್ತು. ವ್ಯಾಜ್ಯವು ಅಲ್ಲಿಗೆ ಮುಗಿಯಿತೆನ್ನುವಂತಿಲ್ಲ. ೨೦೧೭ರಲ್ಲಿ ಮೊದಲ ಬಾರಿಗೆ ಕಾರಿನಲ್ಲಿದ್ದು ಸತ್ತವರಿಗಿಂತ ಬೈಸಿಕಲ್ಲಿನ ಮೇಲೆ ಸತ್ತವರು ಹೆಚ್ಚಾದರು: ಅವರು ೨೦೧, ಇವರು ೨೦೬. ವಿದ್ಯುತ್ತಿನ ಬೈಸಿಕಲ್ಲನ್ನೇರಿದ ವೃದ್ಧರೂ ಇವರಲ್ಲಿ ಹಲವರಿದ್ದರು. ಬೈಸಿಕಲ್ ದಾರಿಯೊಳಗೇ ಸಣ್ಣ ಮೋಟಾರು ಸ್ಕೂಟರುಗಳು ನುಗ್ಗಿ ಹಳೆಯ ಜಗಳವು ಹೊಸ ಎಡೆಯಲ್ಲಿ ತಲೆಯೆತ್ತಿತು. ೨೦೧೯ರ ಏಪ್ರಿಲ್ ೮ರಂದು ಆಮ್‌ಸ್ಟರ್‌ಡಾಮಿನ ನಗರಸಭೆಯು ನಗರದ ಒಳಭಾಗದ ಬಹುತೇಕ ಬೈಸಿಕಲ್ ದಾರಿಗಳಿಂದ ಅವುಗಳನ್ನು ಹೊರಹಾಕಿ, ಸವಾರರು ಶಿರಸ್ತ್ರಾಣ ಧರಿಸಿ ದೊಡ್ಡ ರಸ್ತೆಯಲ್ಲಿ ಕಾರುಗಳ ನಡುವೆ ಹೋಗಬೇಕೆಂದು ವಿಧಿಸಿತು. ಈ ಸಲ ಆಕ್ಷೇಪಿಸಿದವರು ಸ್ಕೂಟರಿನವರು; ಕಾರುಗಳ ನಡುವೆ ತಮ್ಮ ಪ್ರಾಣಕ್ಕೆ ಅಪಾಯವಿದೆಯೆಂಬುದೇ ಅವರ ದೂರು.