ಅಂಬತ್ತೂರಿನಲ್ಲಿ ಮುಖ ಬರೆಯುವ ಪಾಠ

ಮದರಾಸಿಗೆ ಹೋಗಿ ಚಿತ್ರ ಕಲಿತ ಕನ್ನಡಿಗರು ಅಂದಕೂಡಲೇ ನೆನಪಾಗುವುದು ಎಸ್.ಜಿ. ವಾಸುದೇವ್. ಮೈಸೂರಿನಲ್ಲಿ 1941ರಲ್ಲಿ ಹುಟ್ಟಿದ ಅವರು 1960ರಲ್ಲಿ ಅಲ್ಲಿನ ಸರ್ಕಾರಿ ಕಲಾಶಾಲೆ ಸೇರಿದರು. ಅದು ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯ 1850ರಲ್ಲಿ ಶುರುಮಾಡಿದ ಶಾಲೆ. ಗುರು ಕೆ.ಸಿ.ಎಸ್. ಪಣಿಕ್ಕರ್ 1966ರಲ್ಲಿ ಸಮುದ್ರದ ದಂಡೆಯಲ್ಲಿ ಚೋಳಮಂಡಲ ಕಟ್ಟಿದಾಗ ವಾಸುದೇವ್ ಅದರ ಸ್ಥಾಪಕರಲ್ಲಿ ಒಬ್ಬರು. ಚಿತ್ರ ಮಾರಿ ಹೊಟ್ಟೆ ತುಂಬುವ ಕಾಲವಲ್ಲ ಅದು. ಬಟ್ಟೆಯ ಮೇಲೆ ಬಾಟಿಕ್ ಮಾಡಿ ಮಾರಿ ಚಿತ್ರ ಬರೆದರು. 1970ರ 'ಸಂಸ್ಕಾರ' ಸಿನಿಮಾಕ್ಕೆ ಕಲಾನಿರ್ದೇಶನ ಮಾಡಿದ್ದೂ ಇವರೇ.

ಇದು ಪುಸ್ತಕಕ್ಕೆ ಬಂದ ಚರಿತ್ರೆ. ಅದೇ ಊರಲ್ಲಿ ಸರ್ಟಿಫಿಕೇಟ್ ಕೊಡದ ಇನ್ನೊಂದು ಶಾಲೆಯಿತ್ತು, ಬ್ಯಾನರ್ ಅಂಗಡಿ. 'ಬೇಡರ ಕಣ್ಣಪ್ಪ'ದ ಕಾಲದಲ್ಲಿ, ಅಂದರೆ 1954ರಲ್ಲಿ, ನಮ್ಮ ಸಿನಿಮಾಗಳೂ ಮದರಾಸಿನಲ್ಲೇ ತಯಾರಾಗುತ್ತಿದ್ದವು. ಸಿನಿಮಾ ಅಂದಮೇಲೆ ಮುಖ ಬೇಕು, ಅದೂ ಮನೆಯೆತ್ತರದ ಮುಖ. ಸ್ಟಿಲ್ ಫೋಟೋದ ಮೇಲೆ ಚದರ ಮನೆ ಎಳೆದು, ಬಟ್ಟೆಯ ಮೇಲೂ ಅಷ್ಟೇ ಮನೆ ಎಳೆದು, ಒಂದೊಂದೇ ಮನೆ ತುಂಬುತ್ತಾ ಹೋಗುವುದು. ಹುಡುಗರು ಮೊದಲು ಬಣ್ಣ ಕಲಸಬೇಕು, ಆಮೇಲೆ ಅಕ್ಷರ, ಆಮೇಲೆ ಸೀರೆ, ಅಂಗಿ. ಮುಖಕ್ಕೆ ಕೈ ಹಾಕುವವನು ಮೇಸ್ತ್ರಿ ಮಾತ್ರ. 2000ದ ಆಸುಪಾಸಿನಲ್ಲಿ ಫ್ಲೆಕ್ಸ್ ಬಂತು ನೋಡಿ, ಕೆಲವೇ ವರ್ಷಗಳಲ್ಲಿ ಅಷ್ಟೂ ಮೇಸ್ತ್ರಿಗಳ ಕೈ ಖಾಲಿ. 2009ರಲ್ಲಿ ಚೆನ್ನೈ ಕಾರ್ಪೊರೇಷನ್ ಪೋಸ್ಟರ್ ಹಚ್ಚದಂತೆ ಗೋಡೆಗಳ ಮೇಲೆ ಚಿತ್ರ ಬರೆಸಿದಾಗ ಈ ಹಳಬರಲ್ಲಿ ಕೆಲವರಿಗೆ ಮತ್ತೆ ಕೆಲಸ ಸಿಕ್ಕಿತು.

ಅಂತಹ ಒಬ್ಬ ಮೇಸ್ತ್ರಿಯ ಬಳಿ ನಾನು 2003ರಲ್ಲಿ ಭಾನುವಾರಗಳಂದು ಕಲಿತೆ. ಅಂಬತ್ತೂರು ಆಗಿನ್ನೂ ಬೇರೆಯೇ ಮುನಿಸಿಪಾಲಿಟಿ. ಚೆನ್ನೈಗೆ ಸೇರಿದ್ದು 2011ರಲ್ಲಿ. ಟಿ.ಐ. ಸೈಕಲ್, ಡನ್‌ಲಪ್, 1964ರಲ್ಲಿ ಶುರುವಾದ ಕೈಗಾರಿಕಾ ವಸಾಹತು ಎಲ್ಲ ಸೇರಿ ಊರು ತುಂಬ ಎಲ್ಲೆಲ್ಲಿಂದಲೋ ದುಡಿಯಲು ಬಂದವರು. ಓ.ಟಿ. ಮಾರ್ಕೆಟ್ಟಿನಲ್ಲಿ ತರಕಾರಿಯವರ ಕೂಗು, ಬಸ್ಸಿನ ಹಾರನ್ನು, ಇವುಗಳ ನಡುವೆ ಹತ್ತಡಿಯ ಅಂಗಡಿ. ಬ್ಯಾನರ್ ಹೋದಮೇಲೆ ಮೇಸ್ತ್ರಿಗೆ ಉಳಿದಿದ್ದು ತೀರಿಕೊಂಡವರ ಮುಖ. ಪರಊರಿನಲ್ಲಿರುವವರ ಹತ್ತಿರ ಅಪ್ಪ ಅಮ್ಮನದು ಇರುವುದೇ ಹೆಬ್ಬೆಟ್ಟಿನಷ್ಟು ಫೋಟೋ. ಅದನ್ನು ದೊಡ್ಡದು ಮಾಡಿಸಿ ಹಾರ ಹಾಕಬೇಕು.

ಸಾಮಾನು ಅಂದರೆ ಕಪ್ಪು ಪುಡಿ, ಬ್ರಷ್ಷು, ಹತ್ತಿ, ರಬ್ಬರು, ಅಷ್ಟೆ. ಪುಡಿ ಉಜ್ಜಿ ನೆರಳು ತರುವುದು, ರಬ್ಬರಿನಲ್ಲಿ ಒರೆಸಿ ಬೆಳಕು ತೆಗೆಯುವುದು. ಬಾಯಿ ಎಲ್ಲಕ್ಕಿಂತ ಕಷ್ಟ ಅನ್ನುತ್ತಿದ್ದರು. ಕಣ್ಣು ಫೋಟೋದಲ್ಲೂ ಸುಳ್ಳು ಹೇಳುವುದಿಲ್ಲ, ಬಾಯಿ ಹೇಳುತ್ತದೆ ಅಂತ. ನನಗೆ ಮೊದಲು ಅರ್ಥವಾಗಿರಲಿಲ್ಲ.

ಒಂದು ಭಾನುವಾರ ಮಂಡ್ಯ ಕಡೆಯ ಹುಡುಗ ಬಂದ. ಲೇತ್ ಕೆಲಸ. ತಾಯಿಯ ಚಿತ್ರ ಮುಗಿದಿತ್ತು. ನೋಡಿದವನು ನನ್ನ ಕಡೆ ತಿರುಗಿ, "ಅಣ್ಣಾ, ಕಣ್ಣು ನಮ್ಮವ್ವಂದೇಯ. ಬಾಯಿ ಮಾತ್ರ ಅಲ್ಲ" ಅಂದ. ಫೋಟೋದಲ್ಲಿ ಇದ್ದ ಹಾಗೆಯೇ ಇದೆಯಲ್ಲಪ್ಪ ಅಂದೆ. ಅವನು ತಲೆಯಾಡಿಸಿದ.

ಮೇಸ್ತ್ರಿ ಬೇಜಾರು ಮಾಡಿಕೊಳ್ಳಲಿಲ್ಲ. "ಅಮ್ಮಾ ವೆತ್ತಿಲೆ ಪೋಡುವಾಂಗಳಾ?" ಎಲೆಅಡಿಕೆ ಹಾಕ್ತಿದ್ದರಾ ಎಂದು ನಾನು ಕನ್ನಡದಲ್ಲಿ ಕೇಳಿದೆ. ಹಾಕ್ತಿದ್ಲು, ಯಾವಾಗಲೂ ಎಡಗಡೆ ದವಡೆಗೆ. ಹಲ್ಲು? ಮುಂದಿನದು ವಸಿ ಉಬ್ಬು, ಫೋಟೋ ಅಂತ ತುಟಿ ಬಿಗಿ ಹಿಡಿದಿದ್ಲು.

ಮೇಸ್ತ್ರಿ ರಬ್ಬರಿನ ಮೂಲೆ ಕತ್ತರಿಸಿ ತುಟಿಯ ಗೆರೆ ಒರೆಸಿದರು. ನೂಲಿನಷ್ಟು ತೆರೆದು, ಎಡಗೆನ್ನೆಗೆ ಒಂಚೂರು ಬೆಳಕು ಕೊಟ್ಟರು. ಹತ್ತು ನಿಮಿಷ ಹಿಡಿದಿರಬೇಕು. ಹುಡುಗ ನೋಡಿದ, ಏನೂ ಅನ್ನಲಿಲ್ಲ, ಹೊರಗೆ ಹೋಗಿ ಬಸ್ಸುಗಳ ಕಡೆ ಮುಖ ಮಾಡಿ ನಿಂತುಕೊಂಡ.

ಆ ರಾತ್ರಿ ಕೋಯಂಬೇಡಿನಲ್ಲಿ ಅವನನ್ನು ಬೆಂಗಳೂರು ಬಸ್ಸಿಗೆ ಹತ್ತಿಸಿದೆ. ಕಂಡಕ್ಟರು ಫ್ರೇಮನ್ನು ಮೇಲಿಡಿ ಅಂದರೂ ಕೇಳದೆ, ಪೇಪರು ಸುತ್ತಿದ ಅವ್ವನನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತ.